ಸಂಜೆ ಮಾತು ಬಿಡುವ ಗಡಿಯಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಣ್ಣನ ಲ್ಯಾಪ್‌ಟಾಪಿಗೆ ಮಾತಾಡುವ ಗಡಿಯಾರ ಹಾಕಿಕೊಟ್ಟವನು ನಾನೇ. ಪತ್ರಿಕೆಯಲ್ಲಿ ಆಯುಷ್ಯ ಸವೆಸಿದವನಿಗೆ ವೇಳೆ ತಿಳಿಯದೆ ಕೂತವರನ್ನು ಕಂಡರೆ ಸಂಕಟ.

ಅಣ್ಣ ಬನಹಟ್ಟಿಯಲ್ಲಿ ಮಗ್ಗ ನಡೆಸಿದವನು. ಕಣ್ಣಿನ ಒತ್ತಡ ಏರಿ ಬಲಗಣ್ಣು ಹೋಯಿತು. ಎಡಗಣ್ಣಲ್ಲಿ ಅಂಗೈಯಗಲ ಬೆಳಕು ಉಳಿದಿದೆ. ಅದು ಉಳಿಯಬೇಕಾದರೆ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹನಿ ಔಷಧ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದಾರೆ. ಬೆಳಗಿನದನ್ನು ಅವನ ಹೆಂಡತಿ, ನನ್ನ ವೈನಿ, ಹಾಕುತ್ತಾರೆ. ಸಂಜೆ ಅವರು ಪಕ್ಕದ ಓಣಿಗೆ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ಹೋಗಿರುತ್ತಾರೆ. ಅಣ್ಣ ತಾನೇ ತಡವಿ ಹಾಕಿಕೊಳ್ಳಬೇಕು. ಅದಕ್ಕೇ ಈ ಗಡಿಯಾರ. ಹದಿನೈದು ನಿಮಿಷಕ್ಕೊಮ್ಮೆ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ವೇಳೆ ಹೇಳುತ್ತದೆ. ಸಾಲೆಯಲ್ಲಿ ಪಾಠ ಹೇಳುವಂಥ ಆ ದನಿಗೆ ವೈನಿ ‘ಅಕ್ಕೋರು’ ಎಂದು ಹೆಸರಿಟ್ಟರು.

ಗಡಿಯಾರ ಹಾಕಿ ಒಂದು ತಿಂಗಳಾಗಿರಬೇಕು, ಜಮಖಂಡಿಯಲ್ಲಿದ್ದ ನನಗೆ ವೈನಿಯ ಫೋನು ಬಂತು. “ನಿಮ್ಮ ಅಕ್ಕೋರು ಸಂಜಿಮುಂದ ಮಾತು ಬಿಡತಾರ್ರೀ. ನಿನ್ನೀನೂ ಹನಿ ತಪ್ಪೇತಿ.”

ಫೋನಿನಲ್ಲೇ ದನಿ ಏರಿಸಲು ಹೇಳಿದೆ. ಮರುವಾರ ಹೋಗಿ ಲ್ಯಾಪ್‌ಟಾಪು ತಾನಾಗಿ ನಿದ್ದೆ ಹೋಗದಂತೆ ಸೆಟ್ಟಿಂಗ್ ಬದಲಿಸಿದೆ. ಪ್ರೋಗ್ರಾಮನ್ನೇ ಅಳಿಸಿ ಮತ್ತೆ ಹಾಕಿದೆ. ಕೊನೆಗೆ ಕರೆಂಟಿನ ಮೇಲೆ ತಪ್ಪು ಹೊರಿಸಿ ಸಮಾಧಾನಪಟ್ಟೆ. ಹಗಲೆಲ್ಲ ಮಾತು, ಸಂಜೆ ಮೌನ. ಹನಿ ತಪ್ಪುವುದು ಮಾತ್ರ ನಿಲ್ಲಲಿಲ್ಲ.

ಹಿಂದೆ ತಳದಲ್ಲಿ ತೂತಿದ್ದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗಿದಾಗ ಒಂದು ಗಳಿಗೆ ಎಂದು ಎಣಿಸುತ್ತಿದ್ದರು. ಮುಳುಗಿದ್ದನ್ನು ನೋಡಿ ಹೇಳಲು ಪಕ್ಕದಲ್ಲಿ ಒಬ್ಬ ಮನುಷ್ಯ ಕೂತಿರಲೇಬೇಕಿತ್ತು. ಗಡಿಯಾರ ಸುಧಾರಿಸಿದಂತೆ ನಾವು ಮೊದಲು ಕೆಲಸದಿಂದ ತೆಗೆದದ್ದು ಅವನನ್ನು. ಇದು ಹೊಳೆದದ್ದು ಆಮೇಲೆ. ಆಗ ನನ್ನ ತಲೆಯಲ್ಲಿದ್ದದ್ದು ಸ್ಪೀಕರು.

ವರದಿಗಾರನಾಗಿದ್ದಾಗ ಸ್ಥಳಕ್ಕೆ ಹೋಗದೆ ಬರೆದವರನ್ನು ಎಷ್ಟೋ ಸಲ ಬೈದಿದ್ದೆ. ಹೋದ ಶನಿವಾರ ಮಧ್ಯಾಹ್ನವೇ ಹೋಗಿ, ಅಣ್ಣನ ಎದುರು ನೋಟ್‌ಬುಕ್ಕು ಹಿಡಿದು ಕೂತೆ. ನಾಲ್ಕಕ್ಕೆ ಹೇಳಿತು. ನಾಲ್ಕೂಕಾಲಿಗೆ ಹೇಳಿತು. ನಾಲ್ಕೂವರೆಗೂ ಹೇಳಿತು. ಆಮೇಲೆ ಹೊರಗೆ ಚಪ್ಪಲಿ ಸದ್ದಾಯಿತು. ಅಣ್ಣ ಕೈಚಾಚಿ, ತಡವಿ, ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ; ಅದು ನಿದ್ದೆ ಹೋಯಿತು. ಒಳಗೆ ಬಂದವನು ಅವನ ಜೊತೆ ನೇಯುತ್ತಿದ್ದ ಸಂಗಪ್ಪ.

“ಏನಲೇ, ಇವತ್ತ ಪೇಪರಿನ್ಯಾವರೂ ಬಂದಾರ?” ಎಂದು ಸಂಗಪ್ಪ ಕೂತ. ಚಹಾ ಕುಡಿದು, ಊರೆಲ್ಲ ಮಾತಾಡಿ, ಅವನು ಎದ್ದಾಗ ಆರೂಮುಕ್ಕಾಲು. ಎಷ್ಟೊತ್ತಿಗೆ ಏನಾಗುತ್ತದೆ ಎಂದು ಬರೆದುಕೊಳ್ಳುವ ಹಟದಲ್ಲಿ ಹನಿಯ ನೆನಪು ನನಗೂ ಆಗಲಿಲ್ಲ.

“ನೀನಽ ಮುಚ್ಚತೀ ಏನೋ ಅಣ್ಣಾ?”

“ಮತ್ತೇನ ಮಾಡಲಿ? ಇದು ಐದು ಅಂದ ಕೂಡ್ಲೆ ಬಂದವರು ‘ಅಯ್ಯ, ಐದಾತು’ ಅಂತ ಏಳತಾರ.”

“ಸಂಗಪ್ಪಗಽ ಹನಿ ಹಾಕು ಅನ್ನಬೇಕಿತ್ತು.”

“ಹಂಗಂದ್ರ ನಾಳಿಂದ ಅವ ಹನಿ ಹಾಕಾಕ ಬರತಾನ. ಮಾತಾಡಾಕ ಬರೂದಿಲ್ಲ.”

“ಇದ್ದೊಂದು ಕಣ್ಣೂ ಹೋದೀತು.”

“ಎಲ್ಲಾರೂ ಎದ್ದು ಹೋದ ಮ್ಯಾಲೆ ಈ ಕಣ್ಣೀಲೆ ಏನ ನೋಡಲಿ, ಗ್ವಾಡೀನ?”

ಅಂದು ರಾತ್ರಿ ಅಲ್ಲೇ ಉಳಿದೆ. ಹದಿನೈದು ನಿಮಿಷದ ಲೆಕ್ಕ ತೆಗೆದು, ಸಂಜೆ ಒಮ್ಮೆ ಮಾತ್ರ, ಆರಕ್ಕೆ, ಮಾತಾಡುವಂತೆ ಮಾಡಿದೆ. ಮುಚ್ಚಳ ಮುಚ್ಚುವುದಿಲ್ಲವೆಂದು ಅಣ್ಣ ಒಪ್ಪಿದ.

ಭಾನುವಾರ ಅಕ್ಕೋರು ಆರೆಂದು ಹೇಳಿದರು. ಮಾತಿಗೆ ಬಂದು ಕೂತಿದ್ದ ಸಂಗಪ್ಪ “ಬರತೇನಿ” ಎಂದು ಎದ್ದು ಹೋದ. ಜಮಖಂಡಿಯ ಬಸ್ಸು ನೆನಪಾಗಿ ನಾನೂ ಎದ್ದಿದ್ದೆ; ಚೀಲ ಆಗಲೇ ಹೆಗಲಲ್ಲಿತ್ತು. ಅಣ್ಣ ಮುಖ ಮೇಲೆತ್ತಿದ. ಹನಿ ಹಾಕಿದೆ. ಐದು ನಿಮಿಷ ಕಣ್ಣು ಮುಚ್ಚಿರಬೇಕು.

“ಹೋಗೂದಿದ್ರ ಈಗ ಹೋಗಿಬಿಡು ತಮ್ಮಾ,” ಎಂದ. “ಕಣ್ಣು ಮುಚ್ಚೇನಿ, ಹೋಗೂದು ಕಾಣಂಗಿಲ್ಲ.”

ಚೀಲ ಕೆಳಗಿಟ್ಟೆ. ಅವನಿಗೆ ಕೇಳುವಷ್ಟು ಸದ್ದು ಮಾಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.