ನೀರಿನ ಟ್ಯಾಂಕ್ ಹತ್ತಿದ ಕತ್ತೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲೆಯ ಗೇಟು ತೆಗೆದ ಕಾವಲುಗಾರ, "ರಾತ್ರಿ ಮನೆಗೆ ಹೋಗಿದ್ರೋ ಇಲ್ವೋ ಮೇಡಂ?" ಎಂದು ಕಾಲೆಳೆಯುತ್ತಾನೆ. ನಾಲ್ಕನೇ ತರಗತಿಯ ಟೀಚರ್ ನಗುತ್ತಲೇ ಒಳಹೋಗಿ, ಮಕ್ಕಳ ಪುಟ್ಟ ಬೆಂಚಿನಲ್ಲಿ ಹೇಗೋ ಕಾಲು ತೂರಿಸಿ ಕೂತು, ದಪ್ಪ ಪೆನ್ನಿನಲ್ಲಿ ಕಥೆಯೊಂದನ್ನು ನಕಲು ಮಾಡತೊಡಗುತ್ತಾರೆ. ಒಂದೊಂದು ಅಕ್ಷರವೂ ಬೆರಳಿಟ್ಟು ಓದುವಷ್ಟು ದೊಡ್ಡದು. ಕಡಲಾಚೆಯ ಮಕ್ಕಳು ಬರೆದು ಕಳಿಸಿದ ಅರ್ಧ ಕಥೆ ಅದು. ಉಳಿದರ್ಧ ಈ ಕೋಣೆಯ ಮಕ್ಕಳು ಬರೆಯಬೇಕು.

ಕೆಲವು ವರ್ಷಗಳ ಹಿಂದೆ ಇವರು ಓದಿ ಹೇಳುತ್ತಿದ್ದ ಕಥೆ, ಗಂಟೆ ಬಾರಿಸಿದ್ದರಿಂದ ಅರ್ಧಕ್ಕೇ ನಿಂತಿತ್ತು. ಮರುದಿನ ನೋಡಿದರೆ, ಪುಸ್ತಕ ಕಂಡರೆ ಮಾರು ದೂರ ಓಡುತ್ತಿದ್ದ ಮಕ್ಕಳೇ ಉಳಿದ ಕಥೆ ಓದಲು ಅದಕ್ಕಾಗಿ ಕಿತ್ತಾಡುತ್ತಿದ್ದಾರೆ! ಅಂದಿನಿಂದ ಒಂದು ತರಗತಿ ಕಥೆಯನ್ನು ಅರ್ಧ ಬರೆದು ಬಿಡುವುದು, ಪಕ್ಕದ ತರಗತಿ ಮುಗಿಸುವುದು. ವರ್ಗವಾಗಿ ಹೋದ ಸಹೋದ್ಯೋಗಿ ಈ ಆಟವನ್ನು ಬೇರೆ ಊರಿಗೆ ಒಯ್ದರು, ಟೀಚರ್ ತಂಗಿ ತಾನು ಪಾಠ ಮಾಡುವ ದೂರದೇಶಕ್ಕೆ. ಈಗ ಹನ್ನೆರಡು ದೇಶಗಳ ಶಾಲೆಗಳು ಸೇರಿಕೊಂಡಿವೆ. ಎರಡು ಭಾಷೆ ಬಲ್ಲ ಅಪ್ಪ-ಅಮ್ಮಂದಿರು ಅನುವಾದ ಮಾಡಿಕೊಡುತ್ತಾರೆ.

"ನಾನೇನು ಮಹಾ ಮಾಡ್ದೆ? ಹೊಗಳೋದಾದ್ರೆ ಅವತ್ತು ಗಂಟೆ ಹೊಡೆದೋರನ್ನ ಹೊಗಳಿ" ಎಂದು ಟೀಚರ್ ಕಾವಲುಗಾರನತ್ತ ಕೈ ತೋರಿಸುತ್ತಾರೆ.

ಈ ವರ್ಷ ಇವರ ನಿದ್ದೆ ಕೆಡಿಸಿದ್ದು ಒಬ್ಬಳೇ ಹುಡುಗಿ. ಎಲ್ಲರ ಬಾಯಲ್ಲೂ ಅವಳು 'ಮಾತಿನಮಲ್ಲಿ'. ಮಾತು ಅರಳು ಹುರಿದ ಹಾಗೆ, ಓದು ಮಾತ್ರ ಸೊನ್ನೆ. ವರ್ಷ ಮುಗಿಯುವುದರೊಳಗೆ ಓದಲು ಬಾರದಿದ್ದರೆ ಕೆಳಗಿನ ತರಗತಿಗೆ ಕಳಿಸುವುದಾಗಿ ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಅವಳಪ್ಪ ಕತ್ತೆಯ ಮೇಲೆ ಇಟ್ಟಿಗೆ ಸಾಗಿಸುವವನು. ನೀರಿನ ಟ್ಯಾಂಕ್ ಹತ್ತಿ ಇಳಿಯಲಾಗದೆ ನಿಂತ ಕತ್ತೆಯ ಕಥೆಯನ್ನು ಅವಳು ಬಾಯಲ್ಲಿ ಹೇಳಿದಳು, ಅಷ್ಟನ್ನೇ ಟೀಚರ್ ಬರೆದು ಕಡಲಾಚೆಗೆ ಕಳಿಸಿದರು. ಆಮೇಲೆ ದಿನಾ ಒಂದೇ ರಾಗ: "ನನ್ ಕತ್ತೆ ಬಂತಾ ಮಿಸ್?"

ಕೊನೆಗೂ ಬಂತು, ಆ ಕಡೆಯ ಮಕ್ಕಳು ಮುಗಿಸಿದ ಕಥೆ. "ನಿನ್ ಕತ್ತೆ, ನೀನೇ ಓದ್ಕೋ" ಎಂದು ಟೀಚರ್ ಹಾಳೆ ಕೈಗಿಟ್ಟರು. ಹುಡುಗಿ ಗೋಳೋ ಎಂದು ಅತ್ತಳು.

"ಓದಿ ಹೇಳ್ಬಿಡೋಣ ಅಂತ ಬಾಯಿತನಕ ಬಂದಿತ್ತು. ಮನಸ್ಸು ಗಟ್ಟಿ ಮಾಡ್ಕೊಂಡು ಪಕ್ಕದಲ್ಲೇ ಕೂತೆ. ಅಕ್ಷರ ಕೇಳು, ಹೇಳ್ತೀನಿ. ಕಥೆ ಕೇಳಿದ್ರೆ ಹೇಳಲ್ಲ ಅಂದೆ" ಎನ್ನುತ್ತಾರೆ ಟೀಚರ್. ವಾರವಿಡೀ ಊಟದ ಬಿಡುವಿನಲ್ಲಿ ಇಬ್ಬರೂ ಆ ಹಾಳೆಗೆ ಅಂಟಿಕೊಂಡೇ ಇದ್ದರು. ಕೊನೆಯ ಸಾಲು ಮುಟ್ಟಿದ ಹುಡುಗಿ ಕೆಂಡವಾದಳು. ಅಲ್ಲಿ ಕತ್ತೆಗೆ ರೆಕ್ಕೆ ಬಂದು ಹಾರಿಹೋಗಿತ್ತು!

"ಕತ್ತೆಗೆ ರೆಕ್ಕೆಯಂತೆ! ಅವ್ರು ಕತ್ತೆ ಮುಖಾನೇ ನೋಡಿಲ್ಲ ಮಿಸ್. ಕೆಳಗೆ ಹುಲ್ಲು ತೋರ್ಸಿದ್ರೆ ತಾನೇ ಇಳ್ಯುತ್ತೆ. ಪೆನ್ನು ಕೊಡಿ, ನಾನೇ ಬರೀತೀನಿ!"

ಬರೆದೇ ಬರೆದಳು. ಸೊಟ್ಟ ಅಕ್ಷರ, ಸಾಲಿಗೊಂದು ತಪ್ಪು. ಟೀಚರ್ ಒಂದನ್ನೂ ತಿದ್ದಿಲ್ಲ. ಕೆಳಗಿನ ತರಗತಿಯ ಮಾತು ಮುಖ್ಯೋಪಾಧ್ಯಾಯರ ಬಾಯಲ್ಲಿ ಮತ್ತೆ ಬಂದಿಲ್ಲ. ಆ ಹಾಳೆ ಇವತ್ತು ಅಂಚೆಗೆ ಹೊರಟಿದೆ.

ನಿಮ್ಮ ಆಸೆಯೇನು ಎಂದು ಕೇಳಿದರೆ ಟೀಚರ್ ಲಕೋಟೆಗೆ ಅಂಟು ಸವರುತ್ತಾ ಹೇಳುತ್ತಾರೆ: "ಆ ಕಡೆ ಮಕ್ಳು ಇದನ್ನ ಸುಮ್ನೆ ಒಪ್ಕೊಂಡ್ಬಿಡ್ಬಾರ್ದು, ಅಷ್ಟೇ. ಜಗಳಕ್ಕೆ ಬರ್ಲಿ. ಅವ್ರಿಗೆ ಉತ್ತರ ಕೊಡೋಕಾದ್ರೂ ಇವ್ಳು ಓದ್ತಾಳೆ."