ಬೆಕ್ಕು ಎಂದಳು ಸ್ವರ್ಣಲತಾ

ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಶಂಭುವಿನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ನಾಯಿ ಎಂದರೆ ಜೀವ ಬಿಡುವ ಮನುಷ್ಯ. ವಿಟ್ಲದ ಬಸ್ಸು ಹೊರಡಿಸುವ ಗಡಿಬಿಡಿಯಲ್ಲೂ ಮೊಬೈಲ್ ತೆಗೆದು ತನ್ನ ನಾಯಿ ಟೈಗರಿನ ಫೋಟೋ ತೋರಿಸುತ್ತಾನೆ. ಟೈಗರಿಗೆ ಅನ್ನ ಬೇಯಿಸುವವರು ಯಾರು ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ.

ಬೇಯಿಸುವವಳು ಅವನ ಹೆಂಡತಿ ಸ್ವರ್ಣಲತಾ. ಬೆಳಿಗ್ಗೆ ಮನೆಯವರ ಅನ್ನ ಇಳಿದ ಒಲೆಯ ಮೇಲೆ ನಾಯಿಯ ಪಾತ್ರೆ ಏರುತ್ತದೆ. ಬೂತಾಯಿ ಮೀನಿನ ತಲೆಗಳನ್ನು ಬೇರೆ ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪು ಹಾಕದೆ ಅನ್ನಕ್ಕೆ ಕಲಸಬೇಕು. ಬಿಸಿ ಇದ್ದರೆ ಟೈಗರ್ ಮುಟ್ಟುವುದಿಲ್ಲ, ತೀರಾ ಆರಿದರೂ ಮುಟ್ಟುವುದಿಲ್ಲ. ಉಣ್ಣಿ ತೆಗೆಯುವುದು, ಮೀಯಿಸುವುದು, ಅಂಗಳದ ಹೊಲಸು ಎತ್ತುವುದು ಕೂಡ ಅವಳೇ. ಸಂಜೆ ಶಂಭು ಬಂದು ಅದರ ತಲೆ ಸವರಿ ‘ಎಂತ ಮಗನೇ’ ಎನ್ನುತ್ತಾನೆ. ಅದು ಇಡೀ ಮೈಯನ್ನೇ ಬಾಲ ಮಾಡಿಕೊಂಡು ಕುಣಿಯುತ್ತದೆ. ಅವನ ಪ್ರೀತಿ ಸುಳ್ಳಲ್ಲ. ಆ ಪ್ರೀತಿಯ ಕೆಲಸ ಮಾತ್ರ ಇನ್ನೊಬ್ಬರ ಪಾಲಿಗೆ ಬಂದಿದೆ.

ಮಂಗಳೂರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಮಗಳು ನಿಖಿತಾ ಆ ಭಾನುವಾರ ಮನೆಗೆ ಬಂದಿದ್ದಳು. ಊಟಕ್ಕೆ ಕೂತಾಗ ಮೊಬೈಲ್ ನೋಡುತ್ತಾ, ‘ನಾಯಿ ಇಷ್ಟವಾ ಬೆಕ್ಕು ಇಷ್ಟವಾ ಹೇಳಿ. ನಿಮ್ಮ ಸ್ವಭಾವ ಎಂತದು ಅಂತ ಇದು ಹೇಳ್ತದೆ,’ ಎಂದಳು.

‘ನನ್ನದು ಕೇಳ್ಲಿಕ್ಕೆ ಉಂಟಾ? ನಾಯಿ,’ ಎಂದ ಶಂಭು.

‘ನಿಷ್ಠಾವಂತರು, ಸ್ನೇಹಜೀವಿ, ಬೇರೆಯವರನ್ನು ನೋಡಿಕೊಳ್ಳುವವರು.’

‘ಕೇಳಿದೆಯಾ?’ ಎಂದು ಅವನು ಹೆಂಡತಿಯ ಕಡೆ ತಿರುಗಿದ.

‘ಅಮ್ಮನದ್ದೂ ನಾಯಿಯೇ ಅಲ್ವಾ?’

ಸಾರು ಬಡಿಸುತ್ತಿದ್ದ ಸ್ವರ್ಣಲತಾ, ‘ಬೆಕ್ಕು,’ ಎಂದಳು.

‘ಯಾವುದು, ಹಿಂಬಾಗಿಲಿಗೆ ಬರುವ ಆ ಕಳ್ಳ ಪುಚ್ಚೆಯಾ!’ ಎಂದ ಶಂಭು.

ನಿಖಿತಾ ಓದಿದಳು: ‘ಸ್ವತಂತ್ರರು. ಒಬ್ಬರೇ ಇರಲು ಬಯಸುತ್ತಾರೆ. ಹೇಳಿದ್ದು ಕೇಳುವುದಿಲ್ಲ.’

‘ಬರೀ ಲೊಟ್ಟೆ, ಸುಳ್ಳು ಮಾರಾಯ್ತಿ! ನಿನ್ನಮ್ಮ ಯಾವಾಗ ಒಬ್ಬಳೇ ಇದ್ದದ್ದು?’ ಶಂಭು ನಕ್ಕ. ಮಗಳೂ ನಕ್ಕಳು. ಸ್ವರ್ಣಲತಾ ಕೂಡ ನಕ್ಕಳು.

ದಿನವೂ ಎಲ್ಲರದೂ ಊಟ ಆಗಿ, ನಾಯಿಯದೂ ಆದ ಮೇಲೆ ಅವಳು ಅಡುಗೆಮನೆಯ ಹಿಂಬಾಗಿಲಲ್ಲಿ ತಟ್ಟೆ ಹಿಡಿದು ಕೂರುತ್ತಾಳೆ. ಆಗ ಆ ಬೂದುಬಣ್ಣದ ಬೆಕ್ಕು ಬಂದು ಪಕ್ಕದಲ್ಲಿ ಕೂರುತ್ತದೆ. ಕೊಟ್ಟರೆ ಒಂದು ತುಂಡು ತಿನ್ನುತ್ತದೆ. ಕೊಡದಿದ್ದರೆ ಮೈ ನೆಕ್ಕಿಕೊಂಡು, ಎದ್ದು, ಎಲ್ಲಿಗೆಂದು ಯಾರಿಗೂ ಹೇಳದೆ ನಡೆಯುತ್ತದೆ. ಅದು ಹಾಗೆ ಹೋಗುವುದನ್ನು ನೋಡುವುದು ಅವಳಿಗೆ ಇಷ್ಟ. ಇದು ಮಗಳ ಮೊಬೈಲಿಗೆ ಹೇಳುವ ಸಂಗತಿಯಲ್ಲ.

ಅಂದು ಪಾತ್ರೆ ತೊಳೆಯುತ್ತಾ ಅವಳು ಹೇಳಿದಳು: ‘ಬುಧವಾರ ಮೂಡಬಿದಿರೆಗೆ ಹೋಗ್ತೇನೆ, ಅಕ್ಕನ ಮನೆಗೆ. ಬರುವುದು ಶನಿವಾರ.’

‘ಎಂತ ವಿಶೇಷ?’

‘ವಿಶೇಷ ಎಂತದೂ ಇಲ್ಲ.’

ಅಂಥ ಉತ್ತರವನ್ನು ಶಂಭು ಕೇಳಿರಲಿಲ್ಲ. ಅಕ್ಕ ಸೇಸಮ್ಮನ ಮನೆಗೆ ಅವಳು ಹೋದದ್ದುಂಟು. ಅಕ್ಕನ ಮಗಳ ಬಾಣಂತನಕ್ಕೆ ಹೋಗಿದ್ದಳು, ಭಾವ ತೀರಿಕೊಂಡಾಗ ಉತ್ತರಕ್ರಿಯೆಯ ಬೊಜ್ಜಕ್ಕೆ ಹೋಗಿದ್ದಳು, ಮನೆಯೊಕ್ಕಲಿಗೆ ಹೋಗಿ ತೆಂಗಿನಕಾಯಿ ತುರಿದು ಬಂದಿದ್ದಳು. ಸುಮ್ಮನೆ ಹೋಗಿ ಒಂದು ಮಧ್ಯಾಹ್ನ ಅಡ್ಡಾಗಿರಲಿಲ್ಲ.

‘ಹಾಗಾದರೆ ಟೈಗರಿಗೆ?’

‘ನಿಮಗೆ ನಾಯಿ ಇಷ್ಟ ಅಲ್ವಾ?’

ಕೊಂಕಿರಲಿಲ್ಲ ಆ ಮಾತಿನಲ್ಲಿ. ಆದರೂ ನಿಖಿತಾ ಮುಖ ತಿರುಗಿಸಿಕೊಂಡು ನಕ್ಕಳು.

ಗುರುವಾರ ಮಧ್ಯಾಹ್ನ ಸ್ವರ್ಣಲತಾ ಅಕ್ಕನ ಜಗಲಿಯಲ್ಲಿ ಚಾಪೆ ಹಾಕಿ ಕೂತಿದ್ದಳು. ತರಕಾರಿ ಹೆಚ್ಚಲು ಹೋದವಳ ಕೈಯಿಂದ ಸೇಸಮ್ಮ ಕತ್ತಿ ಕಿತ್ತುಕೊಂಡಿದ್ದಳು. ‘ಮುಟ್ಟಿದರೆ ನಿನ್ನ ಬೆರಳೇ ಪಲ್ಯಕ್ಕೆ ಹಾಕ್ತೇನೆ, ನೋಡು.’

ಆಗ ಬಂದ ಫೋನನ್ನು ಅವಳು ಸ್ಪೀಕರಿಗೆ ಹಾಕಿದಳು. ಶಂಭು.

‘ನಿನ್ನೆಯಿಂದ ಟೈಗರ್ ತಿನ್ನುವುದಿಲ್ಲ. ಗೇಟಿನ ಹತ್ತಿರವೇ ಮಲಗಿದೆ. ನೀನು ಬರುವುದು ಒಳ್ಳೆಯದು ಕಾಣ್ತದೆ.’

ಅವಳ ಕೈ ಚೀಲದ ಕಡೆಗೆ ಹೋಯಿತು. ಗೇಟಿನ ಸರಳುಗಳ ನಡುವೆ ಮೂತಿ ಇಟ್ಟ ನಾಯಿ ಕಣ್ಣಿಗೆ ಕಟ್ಟಿತು. ಸಾಯಂಕಾಲದ ಬಸ್ಸು ಸಿಗುತ್ತದೆ.

‘ಉಪವಾಸ ಇರುವುದು ನಾಯಿಯಾ, ನಿನ್ನ ಗಂಡನಾ?’ ಒಳಗಿನಿಂದ ಸೇಸಮ್ಮ ಕೂಗಿದಳು.

ಸ್ವರ್ಣಲತಾ ಚೀಲ ಬಿಟ್ಟಳು. ‘ಅನ್ನ ಹೇಗೆ ಮಾಡಿದಿರಿ?’

‘ಅಕ್ಕಿ ತೊಳೆದು ಹಾಕಿದೆ. ಉಕ್ಕಿ ಬಂದ ಕೂಡಲೇ ಇಳಿಸಿದೆ. ನಾನೂ ಒಂದು ತುತ್ತು ತಿಂದೆ. ಕಲ್ಲು ಮಾರಾಯ್ತಿ!’

‘ಅಯ್ಯೋ! ಅದು ಕುಚ್ಚಲಕ್ಕಿ. ಉಕ್ಕಿದ ಮೇಲೆಯೇ ಅದು ಬೇಯಲಿಕ್ಕೆ ಸುರು. ಗಂಟೆ ಹಿಡಿಯುತ್ತದೆ. ಊರಿನ ಬಸ್ಸಿಗೆಲ್ಲ ಟೈಮ್ ಹೇಳ್ತೀರಿ, ನಿಮ್ಮ ಬಟ್ಟಲಿನ ಅನ್ನದ ಟೈಮ್ ಗೊತ್ತಿಲ್ಲವಾ?’

ಹುಟ್ಟಿದಾಗಿನಿಂದ ಶಂಭು ಮೂರು ಹೊತ್ತು ಉಂಡ ಅಕ್ಕಿ ಅದು.

‘ಈಗ ಎಂತ ಮಾಡುವುದು?’

‘ನೀರು ಹಾಕಿ ಪುನಃ ಒಲೆಗೆ ಇಡಿ. ಒಂದು ಅಗುಳು ಹಿಸುಕಿ ನೋಡಿ, ಒಳಗೆ ಗಟ್ಟಿ ಇದ್ದರೆ ಆಗಲಿಲ್ಲ. ಆದ ಮೇಲೆ ಕೈಯಿಂದಲೇ ಕಲಸಿ ಕೊಡಿ, ಸೌಟಿನಿಂದ ಬೇಡ. ಅದಕ್ಕೆ ಕೈಯ ವಾಸನೆ ಬೇಕು.’

ಪಾತ್ರೆಯ ಸದ್ದು, ಕಟ್ಟಿಗೆ ಮುರಿಯುವ ಸದ್ದು, ಹೊಗೆಗೆ ಅವನು ಕೆಮ್ಮಿದ ಸದ್ದು ಫೋನಿನಲ್ಲಿ ಬಂತು. ‘ನನ್ನ ಕೈಯ ವಾಸನೆ ಅದಕ್ಕೆ ಆದೀತಾ?’ ಎಂದು ಕೇಳಿದ. ನಿಜವಾಗಿಯೂ ಹೆದರಿದ್ದ.

‘ಆಗ್ತದೆ. ಹತ್ತಿರ ಕೂತು ಕೊಡಿ.’

‘ಹಾಗಾದರೆ ನೀನು ಶನಿವಾರವೇ ಬರುವುದು.’

‘ಶನಿವಾರವೇ.’

‘ಆಯ್ತು.’ ಮತ್ತೆ ಅವನು ಕೇಳಿದ: ‘ನಿನ್ನದು ಊಟ ಆಯ್ತಾ?’

ಅವರ ಮನೆಯಲ್ಲಿ ದಿನವೂ ಆ ಪ್ರಶ್ನೆ ಕೇಳುವವಳು ಅವಳು. ಉತ್ತರ ಹೇಳಿ ಅಭ್ಯಾಸವಿರಲಿಲ್ಲ.

‘ಇಲ್ಲ. ಅಕ್ಕ ಬಡಿಸ್ತಾಳೆ,’ ಎಂದಳು. ಆಮೇಲೆ ಚಾಪೆಯ ಮೇಲೆ ಕಾಲು ನೀಡಿದಳು.