ಗಾದಿಲಿಂಗಪ್ಪನ ಗಡಿಯಾರ

ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವವನು ಗಾದಿಲಿಂಗಪ್ಪ. ಅವನು ಸೀಟಿ ಊದದೆ ಯಾವ ಡ್ರೈವರನೂ ಗೇರು ಹಾಕುವಂತಿರಲಿಲ್ಲ. ಅವನ ಬಲವೆಲ್ಲ ವೀರಭದ್ರಯ್ಯನ ಚಾದಂಗಡಿಯ ಗೋಡೆಗಿದ್ದ ಗಡಿಯಾರದ್ದು. ದಿನಾ ಮುಂಜಾನೆ ವಾರ್ತೆಗೆ ಮುಂಚೆ ರೇಡಿಯೋ ಕೀಂ ಕೀಂ ಅಂದಾಗ ಸ್ಟೂಲು ಹತ್ತಿ ಮುಳ್ಳು ಕೂಡಿಸುತ್ತಿದ್ದ. ಗಡಿಯಾರ ಸುಳ್ಳಾದರೆ ಅವನನ್ನು ನಾಯಿಯೂ ಮೂಸುತ್ತಿರಲಿಲ್ಲ.

ಎಂಬತ್ತೊಂದರ ಬೇಸಿಗೆಯ ಒಂದು ಮಧ್ಯಾಹ್ನ ಡ್ರೈವರ್ ನಾಗೇಂದ್ರಪ್ಪ ಅವನ ಅಂಗಿ ಹಿಡಿದ. ಕೂಡ್ಲಿಗಿಯಿಂದ ಬಂದ ಅವನ ಬಸ್ಸು ಹರಪನಹಳ್ಳಿಗೆ ಹೋಗಬೇಕು. ಅದಕ್ಕೂ ಮುಂಚೆಯೇ ತೊಲಗಬೇಕಿದ್ದ, ಅದೇ ದಾರಿಯ ಓಬಣ್ಣನ ಬಸ್ಸು ಹೊತ್ತು ಮೀರಿ ನಿಂತು, ಇವನ ಮಂದಿಯನ್ನೂ ತುಂಬಿಕೊಂಡು ಈಗಷ್ಟೇ ಧೂಳೆಬ್ಬಿಸಿ ಹೋಗಿತ್ತು.

"ಓಬಣ್ಣ ದಿನಾ ಉಣ್ಣಾಕ ಇಕ್ತಾನೇನಲೇ ನಿನಗ? ನನ್ನ ವಾಚ್ ನೋಡು."

"ಮಾವ ಕೊಟ್ಟ ವಾಚದು. ಅದಕ್ಕೂ ನಿನ್ನಂಗ ಅವಸರ," ಅಂದ ಗಾದಿಲಿಂಗಪ್ಪ. "ವಾರ್ತಾ ಬರೂ ಹೊತ್ತಾತು. ರೇಡಿಯೋನ ಹೇಳ್ಲಿ. ನನ್ನ ಗಡಿಯಾರ ತಪ್ಪಿದ್ರ ಈ ಸೀಟಿ ನೀನ ಇಟ್ಕ."

ಮಾತು ಬಾಯಿಂದ ಜಾರಿಹೋಗಿತ್ತು. ಮಂದಿ ಸುತ್ತುಗಟ್ಟಿದರು. ವೀರಭದ್ರಯ್ಯ ಮಾತ್ರ ಮೆಣಸಿನಕಾಯಿ ಬಜ್ಜಿ ಕರಿಯುತ್ತ ತಲೆ ಎತ್ತಲಿಲ್ಲ. ಗಡಿಯಾರದಲ್ಲಿ ವಾರ್ತೆಗೆ ಇನ್ನೂ ಐದು ನಿಮಿಷ ಬಾಕಿ ಇರುವಾಗಲೇ ರೇಡಿಯೋ ಕೀಂ ಕೀಂ ಅಂದುಬಿಟ್ಟಿತು.

ಗಾದಿಲಿಂಗಪ್ಪ ಸ್ಟೂಲು ಹತ್ತಿ ಗಾಜಿನ ಬಾಗಿಲು ತೆರೆದ. ಉದ್ದ ಮುಳ್ಳಿಗೆ ಕಡಲೆಹಿಟ್ಟು ಮೆತ್ತಿ ಒಣಗಿತ್ತು.

"ಅಯ್ಯನೋರ, ಇದೇನ್ರಿ?"

ವೀರಭದ್ರಯ್ಯ ಹಿಟ್ಟಿನ ಕೈ ಒರೆಸಿಕೊಂಡ. "ಬಸ್ಸಿಗೆ ಇನ್ನೂ ಹೊತ್ತೈತಿ ಅಂದ್ರ ಮಂದಿ ಇನ್ನೊಂದು ಚಾ ಕುಡೀತಾರಪ್ಪ. ಒಂದೀಟು ಹಿಂದ ಸರಿಸಿದ್ದೆ."

ಮಂದಿ ಬಿದ್ದು ಬಿದ್ದು ನಕ್ಕರು. ಗಾದಿಲಿಂಗಪ್ಪ ನಗಲಿಲ್ಲ. ಕೊರಳ ಸೀಟಿ ಬಿಚ್ಚಿ ನಾಗೇಂದ್ರಪ್ಪನ ಮುಂದೆ ಹಿಡಿದ.

"ತಪ್ಪು ಅಯ್ಯನೋರದಲ್ಲೇನಲೇ?" ಅಂದ ನಾಗೇಂದ್ರಪ್ಪ.

"ಕಾವಲು ನಂದು. ಹಿಡಿ."

"ಇದನ್ನ ಕಟ್ಕಂಡು ಸ್ಟೇರಿಂಗ್ ಯಾರ ಕೈಗೆ ಕೊಡ್ಲಿ? ಮೊದಲು ಮುಳ್ಳು ಸರಿ ಮಾಡು. ಆಮ್ಯಾಲ ಊದು, ಮಂದಿ ಬೈಯಾಕ ಹತ್ಯಾರ."

ನಾಗೇಂದ್ರಪ್ಪನ ಕಣ್ಣೆದುರೇ ಗಾದಿಲಿಂಗಪ್ಪ ಮುಳ್ಳು ಕೂಡಿಸಿ ಸೀಟಿ ಊದಿದ. ಬಸ್ಸು ಹೋದ ಮೇಲೆ ಗಡಿಯಾರವನ್ನು ಗೋಡೆಯಿಂದ ಇಳಿಸಿಕೊಂಡು ಬಂದು ಹೊರಗೆ ಬೆಂಚಿನ ಮೇಲೆ ಕೂತ. ಉಳಿದ ಬಸ್ಸುಗಳನ್ನೆಲ್ಲ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಿಟ್ಟ. ವೀರಭದ್ರಯ್ಯ ಕಳಿಸಿದ ಚಾ ಪಕ್ಕದಲ್ಲೇ ಆರಿ ಕೆನೆಗಟ್ಟಿತು.